ಬದುಕಿದ್ದವನ ಸೂತಕ

“ನಿನ್ನ ಗಂಡ ಸತ್ತಾನ,” ಎಂದ ಫೌಜದಾರ, ಬಾಗಿಲಲ್ಲೇ ನಿಂತು. “ರಾತ್ರಿ ಕಲ್ಲೋಳಿ ಹಾದ್ಯಾಗ ಗುಂಡು ಬಿತ್ತು.”

ಜೋಳ ಹಸನು ಮಾಡುತ್ತಿದ್ದ ಕೆಂಪವ್ವ ಮೊರ ಕೆಳಗಿಟ್ಟು ಸುಮ್ಮನೆ ಅವನನ್ನು ನೋಡಿದಳು. ಅಳು ಬರಲಿಲ್ಲ. ಬರುವುದಾದರೂ ಹೇಗೆ? ಅವಳ ಗಂಡ ಮಾಲಿಂಗಪ್ಪ ಕಾಲುವೆಯಾಚೆಯ ಕಬ್ಬಿನಲ್ಲಿ ಅಡಗಿದ್ದ. ಕೆಂಪವ್ವನ ತಂಗಿ ಶಿವವ್ವ ಸೆಗಣಿ ಬುಟ್ಟಿಯ ತಳದಲ್ಲಿ ರೊಟ್ಟಿ, ಪುಂಡಿಪಲ್ಯ ಬಚ್ಚಿಟ್ಟು ಒಯ್ದು, ಆಗಷ್ಟೇ ಅವನಿಗೆ ಉಣ್ಣಿಸಿ ಬಂದಿದ್ದಳು. ಪಲ್ಯಕ್ಕೆ ಉಪ್ಪು ಕಮ್ಮಿಯೆಂದು ಆ ಮಹಾರಾಯ ತಕರಾರು ಬೇರೆ ತೆಗೆದಿದ್ದನಂತೆ.

ಅದು ನಲವತ್ತೆರಡನೆಯ ಇಸವಿ, ಯುದ್ಧದ ಕಾಲ. ಚಾವಡಿಗೆ ಬೆಂಕಿ ಬಿದ್ದಂದಿನಿಂದ ಬ್ರಿಟಿಷರ ಬಂದೂಕಿನ ಪೊಲೀಸರು ಊರ ಸಾಲೆಯಲ್ಲಿ ಠಿಕಾಣಿ ಹೂಡಿದ್ದರು. ಯಾರ ಮನೆಯ ಕೋಳಿಯಾದರೂ ಅವರದೇ, ಮಲಗಲು ಯಾರ ಮನೆಯ ಹೊರಸಾದರೂ ಅವರದೇ. ಬೆಂಕಿ ಇಟ್ಟವರಲ್ಲಿ ಕೈಗೆ ಸಿಗದೆ ಉಳಿದವನು ಮಾಲಿಂಗಪ್ಪನೊಬ್ಬ. ಸಿಕ್ಕವರನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರು. ಯಾರೂ ತಿರುಗಿ ಬಂದಿರಲಿಲ್ಲ.

ಫೌಜದಾರ ಕೆಂಪವ್ವನ ಕಣ್ಣನ್ನೇ ನೋಡುತ್ತಿದ್ದ. ಒಲೆಯ ಮುಂದೆ ಕುಳಿತ ಶಿವವ್ವ ಅದನ್ನು ಕಂಡಳು. ಸುದ್ದಿ ಕೇಳಿಯೂ ಅಳದ ಹೆಂಡತಿಗೆ ಗಂಡ ಎಲ್ಲಿದ್ದಾನೆಂದು ಗೊತ್ತಿರುತ್ತದೆ. ಇಷ್ಟು ತಿಳಿಯಲು ಫೌಜದಾರಿಕೆಯೇನೂ ಬೇಕಿಲ್ಲ.

“ಯಕ್ಕಾ, ನಿನ್ನ ಬಾಳ್ವೆ ಹಾಳಾತಲ್ಲವಾ!” ಎಂದು ಚೀರುತ್ತ ಬಂದವಳೇ ಅಕ್ಕನ ಎರಡೂ ಕೈ ಹಿಡಿದಳು.

ಶಿವವ್ವ ವಿಧವೆ. ಗಂಡ ಪ್ಲೇಗಿಗೆ ಬಲಿಯಾದಾಗ ಊರ ಹೆಂಗಸರು ಅವಳ ಕೈಗೆ ಏನು ಮಾಡಿದ್ದರೋ ಅದನ್ನೇ ಈಗ ಅವಳು ಅಕ್ಕನ ಕೈಗೆ ಮಾಡಬೇಕಿತ್ತು. ಕೆಂಪವ್ವ ಕೊಸರಿದಳು.

“ಬ್ಯಾಡ ಶಿವಿ, ಬಳಿಗೆ ಕೈ ಹಚ್ಚಬ್ಯಾಡ!”

ಗಂಡ ಜೀವಂತವಿರುವಾಗ ಬಳೆ ಒಡೆದರೆ ಅವನ ಆಯುಷ್ಯವನ್ನೇ ಒಡೆದಂತೆ ಎಂದು ಅವಳ ನಂಬಿಕೆ. ಶಿವವ್ವನ ನಂಬಿಕೆಯೂ ಅದೇ. ಆದರೂ ಆ ಕೈಗಳನ್ನು ಬೀಸುಕಲ್ಲಿಗೆ ಬಡಿದಳು, ಹಣೆಯ ಕುಂಕುಮ ಒರೆಸಿದಳು. ಹಸಿರು ಚೂರುಗಳು ಮೊರದ ಜೋಳದಲ್ಲಿ ಬಿದ್ದವು. ಆಗ ಕೆಂಪವ್ವ ಅತ್ತಳು. ಅದು ನಾಟಕದ ಅಳುವಾಗಿರಲಿಲ್ಲ. ಫೌಜದಾರ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ನಂಬಿದ, ಎಂದುಕೊಂಡಳು ಶಿವವ್ವ.

ಗದ್ದಲ ಕೇಳಿ ಕೆಂಪವ್ವನ ಅತ್ತೆ ಉದ್ದವ್ವ ಗೋಡೆ ಹಿಡಿದುಕೊಂಡು ಹಿತ್ತಲಿನಿಂದ ಬಂದಳು. ಮುದುಕಿಗೆ ಕಣ್ಣು ಮಂದ, ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅದಕ್ಕೇ ಮಗ ಕಬ್ಬಿನಲ್ಲಿರುವುದನ್ನು ಅಕ್ಕತಂಗಿಯರು ಅವಳಿಗೆ ಹೇಳಿರಲಿಲ್ಲ. ಸುದ್ದಿ ಕೇಳಿದವಳು ನೆಲಕ್ಕೆ ಕುಸಿದು, ಫೌಜದಾರನ ಕೈಯನ್ನು ತಡಕಾಡಿ ಹಿಡಿದಳು.

“ಎಲ್ಲಿ ಮಲಗಿಸೀರಿ ಯಪ್ಪಾ ನನ್ನ ಕೂಸಿನ್ನ? ಹೆಣಾನರ ಕೊಡ್ರಿ. ಒಮ್ಮಿ ಮಾರಿ ನೋಡಿ ಮಣ್ಣ ಕೊಡ್ತೇನಿ.”

ಕೆಂಪವ್ವನ ಅಳು ಅರ್ಧಕ್ಕೇ ನಿಂತಿತು. ಅಷ್ಟೆಲ್ಲ ಮಾಡಿದ್ದರು, ಹೆಣ ಕೇಳಬೇಕೆಂಬ ಈ ಒಂದು ಮಾತು ಇಬ್ಬರಿಗೂ ಹೊಳೆದಿರಲಿಲ್ಲ.

ಫೌಜದಾರ ಮುದುಕಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತ. ಅವಳು ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ.

“ನೀ ಒಬ್ಬಾಕಿ ಕೇಳಿದಿ ನೋಡಬೇ,” ಎಂದ ಮೆಲ್ಲಗೆ.

ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದ, ತಂಗಿಯನ್ನು ನೋಡಿದ. ನೋಟ ನಿಧಾನವಾಗಿ ಶಿವವ್ವನ ಪಾದಗಳಿಗೆ ಇಳಿಯಿತು. ಕಾಲುವೆಯ ಕೆಸರು ಇನ್ನೂ ಹಸಿಯಾಗಿತ್ತು.