ರುಸ್ತಾಕ್‌ಗೆ ಹರಕೆ ಅನ್ವಯಿಸುವುದಿಲ್ಲ

ನಿಶ್ಮಿತಾಳಿಗೆ ಡ್ರೈವಿಂಗ್ ಲೈಸೆನ್ಸ್ ಸಿಗುವವರೆಗೆ ಮೀನು ಮುಟ್ಟುವುದಿಲ್ಲ ಎಂದು ಗಂಡ ಲಕ್ಷಿತ್ ಊರಿನ ದೈವಕ್ಕೆ ಹರಕೆ ಹೇಳಿಕೊಂಡಿದ್ದ. ಮಸ್ಕತ್‌ನ ಅಲ್ ಖುವೈರ್‌ನ ಕಂಪೆನಿಯೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಆದರೆ ಗಿರಾಕಿಗಳ ಆಫೀಸಿಗೆಲ್ಲ ಸ್ವತಃ ಕಾರು ಓಡಿಸಿಕೊಂಡು ಹೋಗಬೇಕು. ಈ ತಿಂಗಳೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಇನ್ನೊಬ್ಬರಿಗೆ. ಹರಕೆ ಹೊತ್ತ ಮೇಲೂ ರೋಡ್ ಟೆಸ್ಟ್‌ನಲ್ಲಿ ಎರಡು ಸಲ ಫೇಲು. ಉಳಿದದ್ದು ಬರುವ ಗುರುವಾರದ ಟೆಸ್ಟ್ ಒಂದೇ.

ಲಕ್ಷಿತ್ ಮಾತ್ರ ಹುಮ್ಮಸ್ಸಿನಲ್ಲಿದ್ದ. ಅಲ್ ಹೈಲ್‌ನ ಅವರ ಫ್ಲ್ಯಾಟಿನಲ್ಲಿ ಊಟದ ಕುರ್ಚಿಯೇ ಕಾರು, ಪಾತ್ರೆಯ ಮುಚ್ಚಳವೇ ಸ್ಟೇರಿಂಗ್. ಅವಳಿಗೆ ಕಲಿಸುವ ಫಾತಿಮಾ ಟೀಚರ ದನಿಯನ್ನು ಅವನು ಇದ್ದ ಹಾಗೇ ತೆಗೆಯುತ್ತಿದ್ದ: "ಯಲ್ಲಾ ನಿಶ್ಮಿತಾ! ಮಿರರ್ ದೇಖೋ! ಬ್ರೇಕ್ ಶ್ವೈ ಶ್ವೈ, ಧೀರೇ ಧೀರೇ! ಗಾಡಿ ಡರ್‌ತಾ ನಹೀ, ತುಮ್ ಕ್ಯೋಂ ಡರ್‌ತಾ?" ಅವಳು ನಗುತ್ತಾ ಮುಚ್ಚಳ ತಿರುಗಿಸುತ್ತಿದ್ದಳು.

ಸೋಮವಾರ ಲಕ್ಷಿತ್ ಆಫೀಸಿನ ಕೆಲಸಕ್ಕೆಂದು ಸಹೋದ್ಯೋಗಿ ಮುಹಿಯುದ್ದೀನ್ ಜೊತೆ ರುಸ್ತಾಕ್‌ಗೆ ಹೋದ. ಮಧ್ಯಾಹ್ನ ಮುಹಿಯುದ್ದೀನ್ ಬುತ್ತಿ ಬಿಚ್ಚಿದ. ಹೆಂಡತಿ ಐಶಮ್ಮ ಕಟ್ಟಿಕೊಟ್ಟ ಅಂಜಲ್ ಮೀನಿನ ಫ್ರೈ. ಲಕ್ಷಿತ್ ಮೊದಲು ವಾಸನೆ ನೋಡಿದ, ಆಮೇಲೆ ಮಸಾಲೆ ನೋಡಿದ, ಆಮೇಲೆ ನೋಡಲು ಏನೂ ಉಳಿಯಲಿಲ್ಲ.

"ನಿನ್ನದು ಹರಕೆ ಉಂಟಲ್ಲ ಮಾರಾಯ?" ಎಂದ ಮುಹಿಯುದ್ದೀನ್.

"ಅದು ಮಸ್ಕತ್‌ನಲ್ಲಿ ಹೇಳಿಕೊಂಡದ್ದು. ರುಸ್ತಾಕ್ ಬೇರೆ ಪ್ರಾಂತ್ಯ ಅಲ್ವಾ?"

"ಹೌದಾ! ನಿಮ್ಮ ದೈವ ರೋಮಿಂಗ್ ಹಾಕಿಸ್ಲಿಲ್ವಾ?"

ಲಕ್ಷಿತ್ ನಕ್ಕ. ಆದರೆ ವಾಪಸು ಬರುವ ದಾರಿಯುದ್ದಕ್ಕೂ ಮುಳ್ಳು ಚುಚ್ಚುತ್ತಿತ್ತು, ಗಂಟಲಲ್ಲಲ್ಲ. ಅವಳು ಫೇಲಾದರೆ ಅದು ತನ್ನಿಂದ. ತನ್ನಿಂದ ಅಲ್ಲ ಎನ್ನಬೇಕಾದರೆ ತಪ್ಪು ಅವಳದ್ದೇ ಆಗಿರಬೇಕು. ಮನೆ ಮುಟ್ಟುವಷ್ಟರಲ್ಲಿ, ಹೆಂಡತಿಗೆ ಡ್ರೈವಿಂಗ್ ಒಗ್ಗುವ ವಿದ್ಯೆಯೇ ಅಲ್ಲ ಎಂಬುದು ಅವನಿಗೆ ಖಚಿತವಾಗಿತ್ತು.

ಮರುದಿನ ಕುರ್ಚಿಯ ಪಕ್ಕ ನಿಂತು ಅವನು ತೆಗೆದದ್ದು ಅದೇ ಟೀಚರ ದನಿ. ಮಾತು ಮಾತ್ರ ಬೇರೆ, ಇದು ನಿನ್ನಿಂದಾಗದು ಎಂಬಂಥದ್ದು: "ಖಲಾಸ್ ನಿಶ್ಮಿತಾ! ರೌಂಡಬೌಟ್ ತುಮ್ಹಾರಾ ಬಸ್ ಕಾ ನಹೀ!"

ನಿಶ್ಮಿತಾ ನಗಲಿಲ್ಲ.

ಬುಧವಾರ ಸಂಜೆ ಅವನು ಮೆಲ್ಲ ಟೆಸ್ಟಿನ ಮಾತು ತೆಗೆದ. "ನಾಳೆಯದ್ದು ಕ್ಯಾನ್ಸಲ್ ಮಾಡುವ. ನಿನಗೆ ಹೆದರಿಕೆ ಜಾಸ್ತಿ. ಕೆಲಸ ಎಂತ, ಇನ್ನೊಂದು ಸಿಗ್ತದೆ."

"ಹೆದರಿಕೆ ನನಗಾ, ನಿಮಗಾ?" ಅವಳು ಮುಚ್ಚಳ ಕೆಳಗಿಟ್ಟಳು. "ಅಂಜಲ್ ಹೇಗಿತ್ತು?"

"ಯಾವ ಅಂಜಲ್?" ಎನ್ನುವಾಗಲೇ ಅವನ ಕಿವಿ ಕೆಂಪಾಗಿತ್ತು.

"ಸೋಮವಾರವೇ ಐಶಮ್ಮ ಫೋನ್ ಮಾಡಿದ್ರು. 'ನಿನ್ನ ಗಂಡ ನನಗೆ ಡಬ್ಬಿ ತೊಳೆಯುವ ಕೆಲಸ ಕೂಡ ಇಡ್ಲಿಲ್ಲ' ಅಂತ ಖುಷಿಯೋ ಖುಷಿ."

"ಅದು ನಿಶ್ಮಿ, ರುಸ್ತಾಕ್ ಅಂದ್ರೆ…"

"ಮಾರಾಯ್ರೇ, ನೀವು ಮೀನು ಬಿಟ್ಟಾಗಲೇ ನಾನು ಎರಡು ಸಲ ಫೇಲಾದದ್ದು. ಅದಕ್ಕೆ ಎಂತ ಹೇಳ್ತೀರಿ?"

ಲಕ್ಷಿತ್ ಮುಚ್ಚಳ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟ.

"ನಾಳೆ ನನ್ನನ್ನು ಬಿಡ್ಲಿಕ್ಕೆ ಬನ್ನಿ. ಬಾಯಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ."

ಗುರುವಾರ ಅವಳು ಪರೀಕ್ಷೆಯ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ರೌಂಡಬೌಟಿನಲ್ಲಿ ಕಾದಳು, ಕನ್ನಡಿ ನೋಡಿದಳು, ಸುತ್ತಿ ಬಂದು ನಿಲ್ಲಿಸಿದಳು. ಅಧಿಕಾರಿ ಒಂದೇ ಮಾತು ಹೇಳಿದ: "ಪಾಸ್."

ಲೈಸೆನ್ಸ್ ಕೈಗೆ ಬಂದದ್ದೇ ಅಲ್ ಖುವೈರ್‌ನ ಆಫೀಸಿಗೆ ಅವಳೇ ಕಾರು ಹೊರಡಿಸಿದಳು. ಪಕ್ಕದ ಸೀಟಿನಲ್ಲಿ ಲಕ್ಷಿತ್ ಊರಲ್ಲಿರುವ ಅಮ್ಮನಿಗೆ ಫೋನ್ ಹಚ್ಚಿದ.

"ಪಾಸಾದಳಮ್ಮ! ನನಗೆ ಮೊದಲಿಂದಲೂ ಧೈರ್ಯ ಇತ್ತು. ಅವಳ ಡ್ರೈವಿಂಗ್‌ನಲ್ಲಿ ನಾನು ಒಂದು ದಿನವೂ ತಪ್ಪು ಕಂಡವನಲ್ಲ."

ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ನಿಶ್ಮಿತಾ ತಿರುಗಿ ನೋಡಿದಳು. ಕಿವಿ ಮಾಮೂಲಿ ಬಣ್ಣದಲ್ಲೇ ಇತ್ತು. ಹಸಿರು ದೀಪ ಬಿತ್ತು. ಅವಳು ಗೇರು ಹಾಕಿದಳು.