ಮ್ಯಾನೇಜರ್ ಕುರ್ಚಿ, ನಮ್ಮ ಕಾಲು

ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ, ಪಟ್ಟಿಯ ಗುರುತು ನನ್ನ ನಾದಿನಿಯ ಕಾಲಿನ ಮೇಲೆಯೇ ಉಳಿದಿರುತ್ತಿತ್ತು. ಅಷ್ಟು ಊತ. ಅವಳು ಆಗ ಆರು ತಿಂಗಳ ಬಸುರಿ. ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವರು. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳು ಗುಡ್ಡೆಗಟ್ಟಲೆ ಬರುತ್ತವೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಇಪ್ಪತ್ತು ಹೆಂಗಸರು ನಿಂತೇ ಇರಬೇಕು. ಇಡೀ ಹಾಲಿಗೆ ಒಂದೇ ಕುರ್ಚಿ, ಅದೂ ಮ್ಯಾನೇಜರದು.

"ಇನ್ನು ನನ್ನ ಕೈಲಾಗಲ್ಲ ಅತ್ತಿಗೆ. ಕೆಲಸ ಬಿಟ್ಟುಬಿಡ್ತೀನಿ," ಎಂದಳು ಒಂದು ದಿನ.

ಆ ಕೆಲಸವೆಂದರೆ ಅವಳಿಗೆ ಪ್ರಾಣ. ಸ್ಟೂಲ್ ಕೊಡಿ ಎಂದು ಮೂರು ಸಲ ಕೇಳಿದ್ದೆವು. ಮ್ಯಾನೇಜರ್ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಪಕ್ಕದ ಮನೆಯಲ್ಲಿ ಸ್ಟುಡಿಯೊ ಅಕ್ಕ ಇದ್ದಾರೆ. ಮೊದಲು ಮದುವೆಗಳ ಫೋಟೊ ತೆಗೆಯುತ್ತಿದ್ದರು, ಈಗ ಕಾರ್ಮಿಕರ ಸಂಘದಲ್ಲಿದ್ದಾರೆ. ವಿಷಯ ಕೇಳಿ, "ಫೋಟೊ ತೆಗೆದು ಕಳಿಸಿ. ಸಂಘದ ಆನ್‌ಲೈನ್ ಪುಟದಲ್ಲಿ ಹಾಕೋಣ, ನಾಲ್ಕು ಜನ ನೋಡ್ಲಿ," ಎಂದರು.

"ಅಯ್ಯೋ ಬಿಡಿ ಅಕ್ಕ! ಫೋಟೊ ತೆಗೆದ್ರೆ ಊತ ಇಳಿಯುತ್ತಾ?" ನನ್ನ ಬಾಯಿ ಸ್ವಲ್ಪ ಜೋರು.

"ಊತ ಇಳಿಯಲ್ಲ. ಸ್ಟೂಲ್ ಬಂದ್ರೂ ಬರಬಹುದು."

ಮಾರನೇ ದಿನ ಊಟದ ಬಿಡುವಿನಲ್ಲಿ ತೆಗೆದೇಬಿಟ್ಟೆವು. ಫೋಟೊ ಅಂದಮೇಲೆ ಕೇಳಬೇಕೇ! ಹಾಲ್ ಗುಡಿಸಿದೆವು. ಬಟ್ಟೆಯ ಗುಡ್ಡೆಯನ್ನು ಮೂಲೆಗೆ ತಳ್ಳಿದೆವು. ಎಲ್ಲರೂ ತಲೆ ಬಾಚಿಕೊಂಡು, ಎತ್ತರದವರು ಹಿಂದೆ, ಗಿಡ್ಡವರು ಮುಂದೆ ನಿಂತರು. "ದೊಡ್ಡವರು ಮಧ್ಯ ಕೂತ್ಕೊಳ್ಳಿ," ಎಂದು ಮ್ಯಾನೇಜರ್ ಕುರ್ಚಿಯನ್ನೇ ಎಳೆದು ತಂದು ನನ್ನನ್ನು ಕೂರಿಸಿದರು. ನಾನೂ ಮಹಾರಾಣಿಯ ಹಾಗೆ ಕೂತೆ.

ಸಂಜೆ ಮನೆಯಲ್ಲಿ ಆ ಫೋಟೊ ನೋಡಿ ಸ್ಟುಡಿಯೊ ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಕೂರೋಕೆ ಕುರ್ಚಿ ಇಲ್ಲ ಅಂತ ಹೇಳೋಕೆ ಕುರ್ಚಿ ಮೇಲೆ ಕೂತು ಫೋಟೊ ತೆಗೆಸ್ಕೊಂಡಿದ್ದೀರಲ್ರೀ!"

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ಇದು ಮದುವೆ ಅಲ್ಲಮ್ಮಾ," ಎಂದರು ಅಕ್ಕ. "ಇದ್ದದ್ದನ್ನ ಇದ್ದ ಹಾಗೇ ತೆಗೀರಿ. ಮುಖ ಬೇಡ, ಯಾರ ಕೆಲಸಕ್ಕೂ ಕುತ್ತು ಬರಬಾರದು. ಬೆಡ್‌ಶೀಟ್ ಮೇಲಿನ ಆಸ್ಪತ್ರೆ ಹೆಸರೂ ಕಾಣಬಾರದು. ಯಾರದು ತೆಗೆದ್ರೂ ಅವರನ್ನ ಕೇಳಿಯೇ ತೆಗೀರಿ. ದಿನ, ಗಂಟೆ ಬರೆದಿಡಿ."

"ಮುಖ ಇಲ್ಲದೆ ಇನ್ನೇನು, ಕಾಲು ತೆಗೀಲಾ?" ಎಂದು ರೇಗಿದೆ.

"ಹೂಂ, ಕಾಲೇ!"

ನಾದಿನಿ ತಟ್ಟನೆ ಕಾಲು ಚಾಚಿದಳು. "ಮೊದಲು ನನ್ನದೇ ತೆಗೀರಿ ಅತ್ತಿಗೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ಆರಕ್ಕೆ ಇನ್ನೊಂದು ತೆಗೆದೆ. ಪಕ್ಕಪಕ್ಕ ಇಟ್ಟರೆ ಅದು ಒಬ್ಬಳದೇ ಕಾಲು ಎಂದು ನಂಬುವುದೇ ಕಷ್ಟ. ಮೂರನೆಯದು, ಮ್ಯಾನೇಜರ್ ಹೊರಗೆ ಹೋದಾಗಿನ ಖಾಲಿ ಕುರ್ಚಿ. ಕೆಳಗೆ ಹೀಗೆ ಬರೆದು ಸಂಘದ ಪುಟದಲ್ಲಿ ಹಾಕಿದೆವು: 'ಆಸ್ಪತ್ರೆ, ಹೋಟೆಲ್ ಬೆಡ್‌ಶೀಟ್ ಇಸ್ತ್ರಿಗೆ ಹತ್ತು ಗಂಟೆ ನಿಂತ ಕಾಲು. ಪ್ರತಿ ಮೇಜಿಗೂ ಒಂದು ಸ್ಟೂಲ್ ಬೇಕು.' ಫೋಟೊ ಹಾಕಿದ ದಿನವೇ ಇಪ್ಪತ್ತೂ ಜನ ಸಹಿ ಹಾಕಿದ ಪತ್ರವನ್ನು ಸಂಘದವರು ಮಾಲೀಕರ ಕೈಗೆ ಕೊಟ್ಟರು.

ಆಮೇಲೆ ನೋಡಬೇಕಿತ್ತು! ಬೇರೆ ಲಾಂಡ್ರಿಯವರು, ಅಂಗಡಿಯಲ್ಲಿ ನಿಂತು ಮಾರುವವರು ತಮ್ಮ ತಮ್ಮ ಕಾಲಿನ ಫೋಟೊ ಹಾಕತೊಡಗಿದರು. 'ನಮ್ಮ ವಾರ್ಡಿನ ಬೆಡ್‌ಶೀಟ್ ಹಿಂದೆ ಇಂಥ ಕಾಲುಗಳಿವೆ ಅಂತ ಗೊತ್ತೇ ಇರಲಿಲ್ಲ,' ಎಂದು ಒಬ್ಬ ನರ್ಸ್ ಬರೆದಳು. ಫೋಟೊದಿಂದ ಏನಾಗುತ್ತೆ ಎಂದಿದ್ದ ನಾನು, ಒಲೆಯ ಮೇಲೆ ಹಾಲು ಉಕ್ಕಿದರೂ ಫೋನು ಬಿಡುತ್ತಿರಲಿಲ್ಲ.

ಎಂಟನೇ ದಿನ ಮಾಲೀಕರೇ ನಮ್ಮನ್ನೂ ಸಂಘದವರನ್ನೂ ಕರೆಸಿದರು. ಮುಂದಿನ ವಾರ ಇಪ್ಪತ್ತು ಎತ್ತರದ ಸ್ಟೂಲ್ ಬಂದಿಳಿದವು. ನಾದಿನಿ ಕೂತು, ಕಾಲು ಆಡಿಸುತ್ತಾ, ಮೊದಲ ಬೆಡ್‌ಶೀಟಿಗೆ ಇಸ್ತ್ರಿ ಹಾಕಿದಳು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

"ಇದನ್ನೂ ಒಂದು ಫೋಟೊ ಹಾಕಿ," ಎಂದು ಮ್ಯಾನೇಜರ್ ತಾನೇ ಬಂದು ನಮ್ಮ ಹಿಂದೆ ನಿಂತ. ನಾವು ಕೂತಲ್ಲೇ ತಲೆ ಬಾಚಿಕೊಳ್ಳತೊಡಗಿದೆವು. ಐದು ನಿಮಿಷವಾಯಿತು.

"ಇನ್ನೂ ಎಷ್ಟು ಹೊತ್ತು ನಿಲ್ಲಬೇಕಮ್ಮಾ? ಕಾಲು ನೋಯ್ತಿದೆ!" ಎಂದ.

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಕೊನೆಗೆ ಅವನೂ ನಕ್ಕ.

ನಾದಿನಿ ಈಗ ಹೆರಿಗೆ ರಜೆಯಲ್ಲಿದ್ದಾಳೆ. ಅವಳ ಸ್ಟೂಲ್ ಅವಳಿಗಾಗಿ ಕಾದಿದೆ.

ನಿಮ್ಮ ಕೆಲಸದ ಜಾಗದಲ್ಲೂ ಇಂಥ ಕಷ್ಟ ಇದೆಯೇ? ಒಬ್ಬರೇ ಗೊಣಗಿಕೊಂಡು ಕೂರಬೇಡಿ. ಜೊತೆಯವರನ್ನು ಸೇರಿಸಿ, ಸಂಘದವರನ್ನು ಕೇಳಿ. ಒಪ್ಪಿಗೆ ಪಡೆದು, ಮುಖ ಕಾಪಾಡಿ, ನಿಜವನ್ನಷ್ಟೇ ತೆಗೆದು ಹಂಚಿ. ಆದರೆ ನನ್ನದೊಂದು ಮಾತು ನೆನಪಿಡಿ: ಫೋಟೊ ತೆಗೆಯುವ ಮೊದಲು ಮ್ಯಾನೇಜರ್ ಕುರ್ಚಿಯಿಂದ ಎದ್ದುಬಿಡಿ!