ಮೊದಲು ಶೇಂಗಾ ತೊಳೆದ ಮಂಗ

ಮಂಗಗಳಿಗೂ ಸಂಸ್ಕೃತಿ ಇದೆ ಎಂದು ರಾಯಚೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಯಮನೂರಪ್ಪ ಪಟ್ಟು ಹಿಡಿದು ನಾಲ್ಕು ವರ್ಷವಾಗಿತ್ತು. ಗೂಗಲ್ ಎಂಬ ತನ್ನೂರಿನ ಹೊಳೆದಂಡೆಯ ಮಂಗಗಳು ಶೇಂಗಾದ ಮಣ್ಣು ತೊಳೆದು ತಿನ್ನುತ್ತವೆ, ಒಂದನ್ನು ನೋಡಿ ಇನ್ನೊಂದು ಕಲಿತಿದೆ ಎಂಬುದು ಅವನ ವಾದ. ಜೊತೆಯ ಮಾಸ್ತರರು ಬೆನ್ನ ಹಿಂದೆ ಕಿಸಕ್ಕನೆ ನಗುತ್ತಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ೧೯೮೩ರಲ್ಲಿ ಹೈದರಾಬಾದಿನ ದೊಡ್ಡ ಪ್ರೊಫೆಸರೊಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಊರಿಗೆ ಬಂದ.

ಅಸಲಿಗೆ ಮಂಗಗಳನ್ನು ವರ್ಷಗಟ್ಟಲೆ ನೋಡಿದವಳು ಅವನ ತಾಯಿ ಬಂಡೆಮ್ಮ. ಗೌಡರ ಹೊಲದ ಕೂಲಿ ಮುಗಿಸಿ, ಹೊಲದಲ್ಲಿ ಉಳಿದ ಹಕ್ಕಲ ಶೇಂಗಾ ಆಯ್ದು ಹೊಳೆಯಲ್ಲಿ ತೊಳೆಯುವಾಗ ಆಕೆ ಎಲ್ಲ ಕಂಡಿದ್ದಳು. ಯಾವ ಮಂಗ ಮೊದಲು ತೊಳೆಯಿತು, ಆಮೇಲೆ ಅದರ ತಂಗಿ, ಅದರ ಮರಿ ಹೇಗೆ ಕಲಿತವು ಎಂದು ರಜೆಗೆ ಬಂದ ಮಗನಿಗೆ ಹೇಳಿದ್ದಳು. ಮಗರಾಯ ಪ್ರಬಂಧದಲ್ಲಿ ‘ತಿಳಿದುಬಂದಿದೆ’ ಎಂದಷ್ಟೇ ಬರೆದು ಜಾರಿಕೊಂಡಿದ್ದ.

ಮಂಗಗಳು ತೊಳೆಯುವುದನ್ನು ಪ್ರೊಫೆಸರು ಕಣ್ಣಾರೆ ಕಂಡು ಖುಷಿಪಟ್ಟರು. ಆದರೆ ಒಂದೊಂದು ಮಂಗವೂ ತಾನೇ ಕಂಡುಕೊಂಡಿರಬಹುದಲ್ಲ ಎಂದು ಕೇಳಿದರು. ಇದು ಶುರುವಾದದ್ದನ್ನು ನೋಡಿದವರು ಒಬ್ಬರಿದ್ದರೂ ಸಾಕು, ನಿಮ್ಮ ಪರವಾಗಿ ನಾನೇ ಬರೆಯುತ್ತೇನೆ ಎಂದರು.

ಹತ್ತು ಹೆಜ್ಜೆ ಆಚೆ ಬಂಡೆಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ಹರಿದ ಸೀರೆಯನ್ನು ಮೊಣಕಾಲತನಕ ಎತ್ತಿ ಕಟ್ಟಿದ್ದಳು, ಕೈತುಂಬ ಮಣ್ಣು. ಜೀಪಿನಿಂದ ಇಳಿದಾಗಲೇ ಮಗ ಆಕೆಯ ಕಣ್ಣು ತಪ್ಪಿಸಿದ್ದ. ಈಗಲೂ ಆ ನಾಲಾಯಕನ ಕಣ್ಣಿಗೆ ಬಿದ್ದದ್ದು ಆ ಸೀರೆಯೇ. ‘ಈಕಿ ನಮ್ಮವ್ವ’ ಎಂಬ ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ಯಾರೂ ನೋಡಿಲ್ಲ ಸರ್,” ಅಂದ.

ಪ್ರೊಫೆಸರು ‘ಸಾಕ್ಷಿ ಇಲ್ಲ’ ಎಂದು ಪುಸ್ತಕದಲ್ಲಿ ಗೀಚಿಕೊಂಡು ಜೀಪಿನತ್ತ ನಡೆದರು. ನಾಲ್ಕು ವರ್ಷದ ವಾದ ಅಲ್ಲಿಗೆ ಮುಗಿಯಿತು.

ಬಂಡೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಸಿಟ್ಟಾಗಿ ನಾಲ್ಕು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಅಂಜಿದ್ದಳು.

“ಯಪ್ಪಾ, ನಾ ಹೇಳಿದ್ದು ತಪ್ಪಾತೇನು?” ಎಂದಳು ಮೆಲ್ಲಗೆ. “ನನ್ನ ಸಲುವಾಗಿ ನಿನಗ ಅವಮಾನ ಆತೇನು? ಮುಂದಿನ ಸಲ ನೆಟ್ಟಗ ನೋಡಿ ಹೇಳ್ತೀನಿ.”

ಯಮನೂರಪ್ಪನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು, ತಲೆ ಎತ್ತಲಾಗಲಿಲ್ಲ. ಪ್ರೊಫೆಸರು ಜೀಪಿನ ಹತ್ತಿರ ನಿಂತು ಇತ್ತಲೇ ನೋಡುತ್ತಿದ್ದರು. ‘ಬರ್ತೀನವ್ವಾ’ ಎಂದು ಹೇಳಿ ಹೋಗಲೂ ಅವನಿಗೆ ಧೈರ್ಯವಾಗಲಿಲ್ಲ. ಹೇಳಿದ್ದರೆ ಅವರಿಗೆ ಕೇಳಿಸುತ್ತಿತ್ತು.